ಹಠಾತ್ ದುರಸ್ತಿಗೆ ಮುಂಗಡ ಸಿದ್ಧತೆ: ಟ್ರ್ಯಾಕ್ಟರ್, ಟಿಲ್ಲರ್ ಉಳ್ಳ ರೈತರಿಗೆ

ಬೇಸಾಯದಲ್ಲಿ ಯಂತ್ರಗಳ ಬಳಕೆ ದಿನೇ ದಿನೇ ಹೆಚ್ಚುತ್ತಿದೆ. ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರದಂತಹ ಅಡಿಕೆ ಸೀಮೆಯಲ್ಲಿ ತೋಟದ ಕೆಲಸಕ್ಕೆ ಪವರ್ ಟಿಲ್ಲರ್, ಹೊಲದ ಉಳುಮೆಗೂ ಸಾಗಾಣಿಕೆಗೂ ಟ್ರ್ಯಾಕ್ಟರ್, ಗೊನೆ, ಹಾಲು, ಗೊಬ್ಬರ ಸಾಗಿಸಲು ಮೊಪೆಡ್ಡು ಹೀಗೆ ಒಂದೊಂದು ಮನೆಯಲ್ಲಿ ಎರಡು ಮೂರು ವಾಹನಗಳಿರುವುದು ಈಗ ಸಾಮಾನ್ಯ. ಯಂತ್ರ ಕೊಳ್ಳುವಾಗ ಬೆಲೆ, ಸಾಲದ ಕಂತು, ಡೀಸೆಲ್ ಖರ್ಚು ಇವುಗಳನ್ನು ರೈತರು ಚೆನ್ನಾಗಿ ಲೆಕ್ಕ ಹಾಕುತ್ತಾರೆ. ಆದರೆ ಅದು ಕೆಟ್ಟು ನಿಂತಾಗ ಬರುವ ಖರ್ಚನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವವರು ವಿರಳ. ಇದರ ಪರಿಣಾಮವಾಗಿ ಒಂದು ಸಣ್ಣ ದುರಸ್ತಿಯೇ ಒಂದು ಹಂಗಾಮಿನ ಲಾಭವನ್ನು ನುಂಗಿಹಾಕುವ ಸಂದರ್ಭಗಳುಂಟು. ಈ ತೊಂದರೆಯಿಂದ ಪಾರಾಗಲು ಎರಡು ದಾರಿಗಳಿವೆ: ಒಂದು, ಮೊದಲೇ ಹಣ ಕೂಡಿಡುವುದು, ಎರಡು, ಕೈಲಾಗುವ ಕೆಲಸವನ್ನು ತಾನೇ ಕಲಿತು ಮಾಡುವುದು. ಇವೆರಡೂ ಒಂದು ಗಾಡಿಯ ಎರಡು ಚಕ್ರಗಳಿದ್ದಂತೆ.

ಕೆಟ್ಟು ನಿಂತ ದಿನದ ನಷ್ಟ

ಚಿತ್ರದುರ್ಗ ಜಿಲ್ಲೆಯ ಹೆಚ್ಚು ಭಾಗ ಮಧ್ಯ ಒಣ ವಲಯಕ್ಕೆ ಸೇರಿದೆ. ಕೆಂಪು ಮರಳು ಮಿಶ್ರಿತ ಭೂಮಿಯಲ್ಲಿ ಮಳೆ ಬಿದ್ದ ಮೇಲೆ ಬಿತ್ತನೆಯ ಹದ ಕೆಲವೇ ದಿನ ನಿಲ್ಲುತ್ತದೆ. ಶೇಂಗಾ ಅಥವಾ ಮೆಕ್ಕೆಜೋಳ ಬಿತ್ತುವ ಆ ನಾಲ್ಕು ದಿನಗಳಲ್ಲಿ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿದ್ದರೆ ನಷ್ಟವು ಗ್ಯಾರೇಜಿನ ಬಿಲ್ಲಿಗಷ್ಟೇ ನಿಲ್ಲುವುದಿಲ್ಲ. ಹದ ತಪ್ಪಿದ ಬಿತ್ತನೆಯಿಂದ ಮೊಳಕೆ ಕಡಿಮೆಯಾಗುತ್ತದೆ, ಮುಂದಿನ ಮಳೆಗೆ ಕಾಯಬೇಕಾಗುತ್ತದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ವಾಹನ ನಿಂತರೆ ಇಳಿಸಿದ ಗೊನೆ ರಾಶಿಯಾಗಿ ಬೀಳುತ್ತದೆ. ಸುಲಿಯುವ, ಬೇಯಿಸುವ, ಒಣಗಿಸುವ ಕೆಲಸದ ಸರಪಳಿಯೇ ಕಡಿದುಹೋಗುತ್ತದೆ.

ಇನ್ನು ಹಣದ ಕಡೆಯ ನಷ್ಟ. ಉದಾಹರಣೆಗೆ, ಜೂನ್ ತಿಂಗಳಲ್ಲಿ ಕ್ಲಚ್ ಸವೆದು 30,000 ರೂಪಾಯಿ ಖರ್ಚು ಬಂದಿತೆಂದು ತಿಳಿಯೋಣ. ಕೈಯಲ್ಲಿ ಹಣವಿಲ್ಲದ ರೈತ ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ ಕೈಸಾಲ ತಂದರೆ, ಡಿಸೆಂಬರಿನಲ್ಲಿ ಮಾಲು ಮಾರಿ ತೀರಿಸುವಷ್ಟರಲ್ಲಿ ಬಡ್ಡಿಯೇ 5,400 ರೂಪಾಯಿ ಆಗುತ್ತದೆ. ಇದು ವರ್ಷಕ್ಕೆ ಶೇ. 36ರ ಬಡ್ಡಿ. ಅದೇ 30,000 ರೂಪಾಯಿಯನ್ನು ತಿಂಗಳಿಗೆ 2,500ರಂತೆ ಹಿಂದಿನ ಒಂದು ವರ್ಷದಲ್ಲಿ ಕೂಡಿಟ್ಟಿದ್ದರೆ ಬಡ್ಡಿ ಕೊಡುವ ಬದಲು ಬಡ್ಡಿ ಪಡೆಯಬಹುದಾಗಿತ್ತು. ಅಷ್ಟೇ ಅಲ್ಲ, ಸಾಲ ಹುಡುಕುತ್ತಾ ಕಳೆದ ಎರಡು ಮೂರು ದಿನಗಳೂ ಉಳಿಯುತ್ತಿದ್ದವು.

ಹಿಂದಿನವರ ಆಯದ ಪದ್ಧತಿ

ದುರಸ್ತಿಗೆ ಮುಂಗಡವಾಗಿ ತೆಗೆದಿಡುವುದು ನಮ್ಮ ಹಳ್ಳಿಗಳಿಗೆ ಹೊಸ ವಿಷಯವೇನೂ ಅಲ್ಲ. ರೆಂಟೆ, ಕುಂಟೆ, ಕೂರಿಗೆ, ಎತ್ತಿನ ಗಾಡಿಗಳ ಕಾಲದಲ್ಲಿ ಊರಿನ ಬಡಗಿ ಮತ್ತು ಕಮ್ಮಾರರಿಗೆ ಸುಗ್ಗಿಯಲ್ಲಿ ಕಣದಲ್ಲೇ ಆಯ ಅಳೆದು ಕೊಡುತ್ತಿದ್ದರು. ಅದಕ್ಕೆ ಪ್ರತಿಯಾಗಿ ಅವರು ವರ್ಷವಿಡೀ ಕುಳ ಹಣಿಯುವುದು, ಮೇಳಿ, ನೊಗ, ಗಾಡಿಯ ಅಚ್ಚು ಸರಿಪಡಿಸುವುದು ಮಾಡಿಕೊಡುತ್ತಿದ್ದರು. ಎಂದರೆ, ಮುರಿಯುವ ಮೊದಲೇ ದುರಸ್ತಿಯ ಖರ್ಚು ತೀರಿರುತ್ತಿತ್ತು, ಅದೂ ರೈತನ ಕೈಯಲ್ಲಿ ಧಾನ್ಯ ಇರುವ ಕಾಲದಲ್ಲಿ. ಮಳೆಗಾಲದಲ್ಲಿ ಕುಳ ಮುರಿದರೆ ಅವನು ಹಣಕ್ಕೆ ಪರದಾಡಬೇಕಾಗಿರಲಿಲ್ಲ.

ಯಂತ್ರ ಬಂದ ಮೇಲೆ ಆಯ ನಿಂತಿತು, ಆದರೆ ಅದರ ಜಾಗಕ್ಕೆ ಬೇರೆ ಏರ್ಪಾಡು ಬರಲಿಲ್ಲ. ದುರಸ್ತಿಯ ಬಿಲ್ಲು ಈಗ ಒಂದೇ ಸಲಕ್ಕೆ, ಅದೂ ಕೈ ಬರಿದಾಗಿರುವ ಮುಂಗಾರಿನಲ್ಲಿಯೇ ಹೆಚ್ಚಾಗಿ ಬರುತ್ತದೆ. ಆದುದರಿಂದ ಯಂತ್ರಕ್ಕೂ ಒಂದು 'ಆಯ' ಗೊತ್ತುಮಾಡಿಕೊಳ್ಳುವುದು ಅತ್ಯವಶ್ಯಕ. ಇದನ್ನು ದುರಸ್ತಿ ನಿಧಿ ಎನ್ನಬಹುದು.

ದುರಸ್ತಿ ನಿಧಿ ಎಷ್ಟಿರಬೇಕು?

ಕೃಷಿ ಯಂತ್ರಗಳ ಖರ್ಚಿನ ಲೆಕ್ಕದಲ್ಲಿ ದುರಸ್ತಿ ಮತ್ತು ನಿರ್ವಹಣೆಗೆ ಸಾಮಾನ್ಯವಾಗಿ ವರ್ಷಕ್ಕೆ ಯಂತ್ರದ ಖರೀದಿ ಬೆಲೆಯ ಶೇ. 5ರಿಂದ 10ರಷ್ಟನ್ನು ಹಿಡಿಯುತ್ತಾರೆ. ಹೊಸ ಯಂತ್ರಕ್ಕೆ ಶೇ. 5 ಸಾಕು, ಹಳೆಯದಕ್ಕೆ, ಕಲ್ಲು ಭೂಮಿಯಲ್ಲಿ ದುಡಿಯುವುದಕ್ಕೆ, ಬಾಡಿಗೆಗೆ ಹೆಚ್ಚು ಓಡುವುದಕ್ಕೆ ಜಾಸ್ತಿ ಹಿಡಿಯಬೇಕು. ಈ ಮೊತ್ತವನ್ನು ಯಂತ್ರ ದುಡಿದ ಗಂಟೆಗಳಿಗೆ ಹಂಚಿಕೊಂಡರೆ ಲೆಕ್ಕ ಸುಲಭ.

ಉದಾಹರಣೆ 1. ಟ್ರ್ಯಾಕ್ಟರಿನ ಬೆಲೆ 7,00,000 ರೂ. ಶೇ. 5ರಂತೆ ವರ್ಷಕ್ಕೆ 35,000 ರೂ. ವರ್ಷದಲ್ಲಿ 700 ಗಂಟೆ ಕೆಲಸ ಮಾಡಿದರೆ ಗಂಟೆಗೆ 50 ರೂ.

ಉದಾಹರಣೆ 2. ಪವರ್ ಟಿಲ್ಲರಿನ ಬೆಲೆ 2,00,000 ರೂ. ಶೇ. 5ರಂತೆ 10,000 ರೂ. ವರ್ಷಕ್ಕೆ 400 ಗಂಟೆ ಕೆಲಸವಾದರೆ ಗಂಟೆಗೆ 25 ರೂ.

ಉದಾಹರಣೆ 3. ಮೊಪೆಡ್ ಅಥವಾ ಬೈಕು ವರ್ಷಕ್ಕೆ 10,000 ಕಿ.ಮೀ. ಓಡಿದರೆ, ಕಿ.ಮೀ.ಗೆ 50 ಪೈಸೆಯಂತೆ 5,000 ರೂ.

ಈ ಬೆಲೆಗಳು ಲೆಕ್ಕದ ರೀತಿಯನ್ನು ತೋರಿಸಲು ಮಾತ್ರ. ಪ್ರತಿಯೊಬ್ಬರೂ ತಮ್ಮ ಖರೀದಿ ಬಿಲ್ಲು ಮತ್ತು ಗಂಟೆಯ ಮೀಟರು ನೋಡಿ ಲೆಕ್ಕ ಹಾಕಿಕೊಳ್ಳಬೇಕು.

ಇಲ್ಲಿ ಮೂರು ಸಂಗತಿಗಳನ್ನು ಗಮನಿಸತಕ್ಕದ್ದು. ಮೊದಲನೆಯದಾಗಿ, ಬಾಡಿಗೆಗೆ ಉಳುವವರು ಬಂದ ಹಣದಲ್ಲಿ ಡೀಸೆಲ್ಲು, ಚಾಲಕನ ಕೂಲಿ ಕಳೆದು ಉಳಿದದ್ದೆಲ್ಲವೂ ಲಾಭವೆಂದು ತಿಳಿಯುತ್ತಾರೆ. ಅದರಲ್ಲಿ ಟಯರು, ಕ್ಲಚ್ಚು, ಎಂಜಿನ್ನಿನ ಸವೆತದ ಪಾಲೂ ಸೇರಿದೆ. ಆ ಪಾಲನ್ನು ತಿಂದರೆ ರೈತ ತನ್ನ ಟ್ರ್ಯಾಕ್ಟರನ್ನೇ ಸ್ವಲ್ಪ ಸ್ವಲ್ಪವಾಗಿ ತಿಂದಂತೆ. ಎರಡನೆಯದಾಗಿ, ಸ್ವಂತ ಹೊಲದಲ್ಲಿ ದುಡಿದ ಗಂಟೆಗೂ ನಿಧಿಗೆ ಹಣ ಹಾಕಲೇಬೇಕು. ಯಂತ್ರಕ್ಕೆ ಸ್ವಂತ ಹೊಲ, ಪರರ ಹೊಲ ಎಂಬ ಭೇದವಿಲ್ಲ. ಮೂರನೆಯದಾಗಿ, ಹೊಸ ಯಂತ್ರಕ್ಕೆ ಮೊದಲ ಒಂದೆರಡು ವರ್ಷ ದೊಡ್ಡ ದುರಸ್ತಿ ಬರುವುದಿಲ್ಲ. ಆಗ ನಿಧಿಯಲ್ಲಿ ಸೇರಿದ ಹಣ ಮಿಗತೆಯಂತೆ ಕಾಣುತ್ತದೆ. ಅದು ಮಿಗತೆಯಲ್ಲ, ಮುಂದೆ ಬರಲಿರುವ ಬ್ಯಾಟರಿ, ಕ್ಲಚ್ಚು, ಟಯರುಗಳ ಹಣ. ಮದುವೆಗೋ, ಬೋರ್‌ವೆಲ್ಲಿಗೋ ಅದನ್ನು ತೆಗೆಯಬಾರದು. ಟ್ರ್ಯಾಕ್ಟರ್ ಸಾಲದ ಕಂತಿನ ಹಣದೊಡನೆಯೂ ಬೆರೆಸಬಾರದು.

ಹಣವನ್ನು ಎಲ್ಲಿಡಬೇಕು?

ಮನೆಯ ಪೆಟ್ಟಿಗೆಯಲ್ಲಿಟ್ಟ ಹಣ ನಿಲ್ಲುವುದು ಕಷ್ಟ. ಸಣ್ಣ ಮೊತ್ತವನ್ನು ಪದೇ ಪದೇ ಕಟ್ಟುವ ಅಭ್ಯಾಸಕ್ಕೆ ಕನ್ನಡ ನಾಡಿನಲ್ಲಿ ಒಳ್ಳೆಯ ಪರಂಪರೆ ಇದೆ. 1925ರಲ್ಲಿ ಉಡುಪಿಯಲ್ಲಿ ಸ್ಥಾಪನೆಯಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಅದರ ಪ್ರತಿನಿಧಿಗಳು ಮನೆ ಬಾಗಿಲಿಗೇ ಬಂದು ಪಡೆಯುತ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿ ಎಂಬ ಹೆಸರೂ ಪದ್ಧತಿಯೂ ಸಹಕಾರ ಸಂಘಗಳಲ್ಲಿ ಇಂದಿಗೂ ಉಳಿದಿವೆ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ರೈತರು ನಿಧಿಯನ್ನು ಎರಡು ಭಾಗ ಮಾಡುವುದು ಒಳ್ಳೆಯದು.

1. ತುರ್ತು ಭಾಗ: ಸುಮಾರು 10,000 ರೂಪಾಯಿ ಉಳಿತಾಯ ಖಾತೆಯಲ್ಲಿ ಸದಾ ಇರಬೇಕು. ಪಂಕ್ಚರು, ಬೆಲ್ಟು, ಹೋಸ್ ಪೈಪು, ಡೀಸೆಲ್ ಫಿಲ್ಟರುಗಳಂತಹ ಖರ್ಚಿಗೆ ಇದು. ಖರ್ಚಾದ ಕೂಡಲೇ ಮತ್ತೆ ತುಂಬಿಸಬೇಕು.

2. ದೊಡ್ಡ ದುರಸ್ತಿಯ ಭಾಗ: ಉಳಿದ ಹಣವನ್ನು ಪಿಗ್ಮಿ ಅಥವಾ ಆರ್.ಡಿ. ಖಾತೆಗೆ ಕಟ್ಟಬೇಕು. ಅಂಚೆ ಕಚೇರಿಯ ಆರ್.ಡಿ. 5 ವರ್ಷದ ಅವಧಿಯದು. ತಿಂಗಳಿಗೆ ಕನಿಷ್ಠ 100 ರೂಪಾಯಿಯಿಂದ ಕಟ್ಟಬಹುದು. 12 ಕಂತು ತುಂಬಿ ಒಂದು ವರ್ಷ ಕಳೆದ ಮೇಲೆ ಖಾತೆಯಲ್ಲಿರುವ ಮೊತ್ತದ ಅರ್ಧದವರೆಗೆ ಸಾಲ ಪಡೆಯುವ ಅವಕಾಶವಿರುವುದರಿಂದ ಖಾತೆ ಮುರಿಯದೆ ದುರಸ್ತಿ ಮಾಡಿಸಬಹುದು.

ಸಹಕಾರ ಸಂಘದಲ್ಲಿ ಕಟ್ಟುವವರು ಸಂಘವು ನೋಂದಣಿಯಾಗಿದೆಯೇ ಎಂದು ತಿಳಿದು, ಪ್ರತಿ ಕಂತಿಗೂ ರಸೀದಿ ಪಡೆದು, ಪಾಸ್ ಪುಸ್ತಕದಲ್ಲಿ ಬರೆಸಿಕೊಳ್ಳತಕ್ಕದ್ದು. ಅಡಿಕೆ ಬೆಳೆಗಾರರಿಗೆ ತಿಂಗಳ ಆದಾಯ ಇರುವುದಿಲ್ಲ. ಅಂಥವರು ಅಡಿಕೆ ಮಾರಿದ ದಿನವೇ ಇಡೀ ವರ್ಷದ ಪಾಲನ್ನು ತೆಗೆದಿಡುವುದು ಲೇಸು. ಹಿಂದೆ ಕಣದಲ್ಲೇ ಆಯ ಅಳೆದಂತೆ ಇದು.

ನಿಧಿ ಸಾಲದೆ ಬಂದರೆ

ಕೈಸಾಲಕ್ಕೆ ಹೋಗುವ ಮೊದಲು ಕಿಸಾನ್ ಕ್ರೆಡಿಟ್ ಕಾರ್ಡನ್ನು ನೆನೆಯಬೇಕು. 1998ರಲ್ಲಿ ಆರಂಭವಾದ ಈ ಯೋಜನೆಯನ್ನು 2012ರಲ್ಲಿ ಪರಿಷ್ಕರಿಸಿದಾಗ, ಬೆಳೆ ಸಾಲದ ಮಿತಿಗೆ ಅದರ ಶೇ. 20ರಷ್ಟನ್ನು ಕೃಷಿ ಆಸ್ತಿಗಳ ದುರಸ್ತಿ ಮತ್ತು ನಿರ್ವಹಣೆಗಾಗಿಯೇ ಸೇರಿಸಲಾಯಿತು. ಕಾರ್ಡು ಇದ್ದೂ ಈ ಸೌಲಭ್ಯವನ್ನು ತಿಳಿಯದವರಿದ್ದಾರೆ. ಬ್ಯಾಂಕಿನಲ್ಲಿ ತಮ್ಮ ಮಿತಿಯನ್ನು ಹೇಗೆ ಲೆಕ್ಕ ಹಾಕಿದ್ದಾರೆಂದು ವಿಚಾರಿಸಿ ತಿಳಿಯಬೇಕು. ಯಂತ್ರ ಗ್ಯಾರೇಜಿನಲ್ಲಿರುವಾಗ ಬಿತ್ತನೆ ನಿಲ್ಲದಂತೆ ಹೋಬಳಿಯ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರದಿಂದ ಟ್ರ್ಯಾಕ್ಟರ್ ಅಥವಾ ಉಪಕರಣ ಪಡೆಯಲು ಯತ್ನಿಸಬಹುದು. ರಾಜ್ಯದಲ್ಲಿ ಈ ಯೋಜನೆ 2014-15ರಲ್ಲಿ ಆರಂಭವಾಯಿತು.

ರೈತರೇ ಮಾಡಬಹುದಾದ ಕೆಲಸಗಳು

ಹಠಾತ್ ದುರಸ್ತಿ ಎಂದು ಹೇಳುವುದರಲ್ಲಿ ಹೆಚ್ಚಿನವು ನಿಜವಾಗಿ ಹಠಾತ್ತಾಗಿ ಬರುವುದಿಲ್ಲ. ಒಂದು ತಿಂಗಳು ಗಮನಿಸದೆ ಬಿಟ್ಟ ಧೂಳು, ಸೋರಿಕೆ, ಸಡಿಲ ಬೋಲ್ಟುಗಳೇ ಒಂದು ದಿನ ದೊಡ್ಡ ಖರ್ಚಾಗಿ ಬರುತ್ತವೆ. ಕೆಳಗಿನ ಕೆಲಸಗಳಿಗೆ ಮೆಕ್ಯಾನಿಕ್ಕಿನ ಅಗತ್ಯವಿಲ್ಲ.

1. ಏರ್ ಕ್ಲೀನರ್: ಒಣ ಸೀಮೆಯ ಹೊಲಗಳಲ್ಲಿಯೂ ಅದಿರು ಲಾರಿಗಳು ಓಡಾಡುವ ರಸ್ತೆಗಳಲ್ಲಿಯೂ ಧೂಳು ಹೆಚ್ಚು. ಗಾಳಿಯೊಡನೆ ಎಂಜಿನ್ನಿಗೆ ಹೋದ ಧೂಳು ಲೈನರ್ ಮತ್ತು ರಿಂಗುಗಳನ್ನು ಉಜ್ಜಿ ಸವೆಸುತ್ತದೆ. ಆಗ ಎಂಜಿನ್ ಬಿಚ್ಚಿಸುವುದು ಅನಿವಾರ್ಯ. ಎಣ್ಣೆ ಬಟ್ಟಲಿನ ಏರ್ ಕ್ಲೀನರನ್ನು ಧೂಳಿನ ಕೆಲಸದ ದಿನಗಳಲ್ಲಿ ಪ್ರತಿದಿನ ಬಿಚ್ಚಿ ನೋಡಬೇಕು. ತಳದಲ್ಲಿ ಕೆಸರು ಕೂತಿದ್ದರೆ ಎಣ್ಣೆ ಚೆಲ್ಲಿ, ಬಟ್ಟಲನ್ನು ಡೀಸೆಲಿನಿಂದ ತೊಳೆದು, ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ತುಂಬಬೇಕು. ಗುರುತು ಮೀರಿ ತುಂಬಿದರೆ ಎಂಜಿನ್ ಆ ಎಣ್ಣೆಯನ್ನು ಒಳಗೆಳೆದುಕೊಳ್ಳುತ್ತದೆ. ಕಾಗದದ ಒಣ ಫಿಲ್ಟರನ್ನು ತೊಳೆಯಬಾರದು; ಮೆಲ್ಲಗೆ ತಟ್ಟಿ, ಒಳಗಿನಿಂದ ಹೊರಕ್ಕೆ ಕಡಿಮೆ ಒತ್ತಡದ ಗಾಳಿ ಬಿಡಬೇಕು.

2. ಡೀಸೆಲ್: ಕೆಲಸ ಮುಗಿದ ಸಂಜೆಯೇ ಟ್ಯಾಂಕು ತುಂಬಿಸುವುದು ಒಳ್ಳೆಯದು. ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ನೀರಿನ ಹನಿಗಳು ಕಟ್ಟಿಕೊಳ್ಳುತ್ತವೆ. ಕ್ಯಾನಿನಿಂದ ಹಾಕುವಾಗ ಸೋಸಿ ಹಾಕಬೇಕು. ಗಸಿ ಬಟ್ಟಲಿನ ನೀರನ್ನು ಆಗಾಗ ಹೊರಬಿಡಬೇಕು.

3. ಏರ್ ತೆಗೆಯುವುದು: ಡೀಸೆಲ್ ಪೂರ್ತಿ ಖಾಲಿಯಾದಾಗ ಅಥವಾ ಫಿಲ್ಟರ್ ಬದಲಿಸಿದಾಗ ಪೈಪಿನಲ್ಲಿ ಗಾಳಿ ಸೇರಿ ಎಂಜಿನ್ ಹಿಡಿಯುವುದಿಲ್ಲ. ಟ್ಯಾಂಕಿಗೆ ಡೀಸೆಲ್ ಹಾಕಿ, ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಕೈ ಪಂಪನ್ನು ಒತ್ತುತ್ತಾ ಹೋಗಬೇಕು. ಮೊದಲು ನೊರೆ ಬರುತ್ತದೆ. ಗುಳ್ಳೆಯಿಲ್ಲದ ಡೀಸೆಲ್ ಬರತೊಡಗಿದಾಗ ಸ್ಕ್ರೂ ಬಿಗಿದು ಎಂಜಿನ್ ಚಾಲೂ ಮಾಡಬೇಕು. ಹತ್ತು ನಿಮಿಷದ ಈ ಕೆಲಸ ಬಾರದೆ ಅರ್ಧ ದಿನ ಮೆಕ್ಯಾನಿಕ್ಕಿಗೆ ಕಾಯುವವರುಂಟು.

4. ಎಂಜಿನ್ ಆಯಿಲ್ ಮತ್ತು ನೀರು: ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬೆಳಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಕಡ್ಡಿ ಎಳೆದು ಆಯಿಲ್ ಮಟ್ಟ ನೋಡಬೇಕು. ಕಂಪನಿಯ ಕೈಪಿಡಿಯಲ್ಲಿ ಹೇಳಿದ ಗಂಟೆಗೆ ಆಯಿಲ್ ಮತ್ತು ಅದರ ಫಿಲ್ಟರ್ ಎರಡನ್ನೂ ಬದಲಿಸಬೇಕು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆಗೆಯಬಾರದು.

5. ಬೆಲ್ಟು: ಫ್ಯಾನ್ ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 12ರಿಂದ 15 ಮಿ.ಮೀ. ಬಗ್ಗಬೇಕು. ಸಡಿಲವಿದ್ದರೆ ಎಂಜಿನ್ ಕಾಯುತ್ತದೆ, ಅತಿ ಬಿಗಿಯಾದರೆ ಬೇರಿಂಗು ಕೆಡುತ್ತದೆ. ಟಿಲ್ಲರಿನ ವಿ-ಬೆಲ್ಟುಗಳಲ್ಲಿ ಒಂದು ಹೋದರೂ ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ಸರಿ. ಹಳೆಯದು ಹೊಸದು ಬೆರೆತರೆ ಹೊರೆ ಸಮನಾಗಿ ಹಂಚಿಕೆಯಾಗುವುದಿಲ್ಲ.

6. ಟಯರು: ಒತ್ತಡ ನೋಡುವ ಗೇಜು ಮನೆಯಲ್ಲಿರಬೇಕು. ಹೊಲದ ಕೆಲಸಕ್ಕೆ ಹಿಂದಿನ ಟಯರಿನಲ್ಲಿ ಸಾಮಾನ್ಯವಾಗಿ 12ರಿಂದ 15 ಪೌಂಡು ಗಾಳಿ ಸಾಕು. ಟ್ರೈಲರ್ ಎಳೆಯುವಾಗ ಕೈಪಿಡಿಯಂತೆ ಹೆಚ್ಚಿಸಬೇಕು.

7. ಬ್ಯಾಟರಿ: ನೀರು ಹಾಕುವ ಮಾದರಿಯಾದರೆ ಪ್ಲೇಟುಗಳ ಮೇಲೆ ಸುಮಾರು 10 ಮಿ.ಮೀ. ಡಿಸ್ಟಿಲ್ಡ್ ನೀರು ನಿಲ್ಲಬೇಕು. ಬೋರ್‌ವೆಲ್ ನೀರು ಹಾಕಬಾರದು. ಬಿಚ್ಚುವಾಗ ಮೊದಲು ನೆಗೆಟಿವ್ ತಂತಿ ತೆಗೆಯಬೇಕು, ಜೋಡಿಸುವಾಗ ಅದನ್ನು ಕೊನೆಗೆ ಹಾಕಬೇಕು.

8. ಗ್ರೀಸು ಮತ್ತು ಬೋಲ್ಟು: ಪ್ರತಿ ನಿಪ್ಪಲಿಗೂ ಹಳೆಯ ಕೊಳೆ ಹೊರಬರುವವರೆಗೆ ಗ್ರೀಸು ಕೊಡಬೇಕು. ಚಕ್ರದ ನಟ್ಟು, ರೋಟವೇಟರ್ ಬ್ಲೇಡಿನ ಬೋಲ್ಟುಗಳನ್ನು ವಾರಕ್ಕೊಮ್ಮೆ ಬಿಗಿಯಬೇಕು.

ಬೇಸಾಯದ ಕ್ರಮದಿಂದಲೂ ಸವೆತ ತಗ್ಗಿಸಬಹುದು. ಅಡಿಕೆಯ ಬೇರುಗಳು ಬಹುಪಾಲು ಮೇಲ್ಪದರದಲ್ಲಿರುತ್ತವೆ. ತೋಟದಲ್ಲಿ ಆಳವಾಗಿ ಟಿಲ್ಲರ್ ಹೊಡೆದರೆ ಬೇರಿಗೂ ಹಾನಿ, ಯಂತ್ರಕ್ಕೂ ಹೊರೆ. ಗರಸು ಭೂಮಿಯನ್ನು ಒಣಗಿ ಗಟ್ಟಿಯಾದಾಗ ಉಳುವ ಬದಲು ಹದ ನೋಡಿ ಉತ್ತರೆ ಡೀಸೆಲ್ಲೂ ಕುಳವೂ ಉಳಿಯುತ್ತವೆ.

ಹೊಗೆಯ ಬಣ್ಣ ಹೇಳುವ ಸುದ್ದಿ

ಸೈಲೆನ್ಸರಿನಿಂದ ಒಂದೇ ಸಮನೆ ಕಪ್ಪು ಹೊಗೆ ಬಂದರೆ ಏರ್ ಕ್ಲೀನರ್ ಕಟ್ಟಿದೆ, ಹೊರೆ ಹೆಚ್ಚಾಗಿದೆ ಅಥವಾ ಇಂಜೆಕ್ಟರ್ ಸರಿಯಿಲ್ಲ ಎಂದು ತಿಳಿಯಬೇಕು. ಮೊದಲೆರಡನ್ನು ರೈತರೇ ಸರಿಪಡಿಸಬಹುದು. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ. ರಿಂಗುಗಳ ಸವೆತ ಇದರ ಮುಖ್ಯ ಕಾರಣ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲಿನಲ್ಲಿ ನೀರು ಸೇರಿರಬಹುದು ಅಥವಾ ಇಂಧನ ಪೂರ್ತಿ ಉರಿಯುತ್ತಿಲ್ಲ. ನೀಲಿ ಹೊಗೆ ಕಂಡ ತಿಂಗಳಿನಿಂದಲೇ ನಿಧಿಗೆ ಹೆಚ್ಚು ಹಣ ಹಾಕತೊಡಗುವುದು ಜಾಣತನ. ಬೇಸಿಗೆಯ ಬಿಡುವಿನಲ್ಲಿ ಎಂಜಿನ್ ಕೆಲಸ ಮಾಡಿಸಿಕೊಳ್ಳಬಹುದು.

ಮುಟ್ಟಬಾರದ ಕೆಲಸಗಳು

ಸ್ವಂತ ದುರಸ್ತಿಗೂ ಮಿತಿಯಿದೆ. ಇಂಜೆಕ್ಷನ್ ಪಂಪು, ಇಂಜೆಕ್ಟರ್, ಹೈಡ್ರಾಲಿಕ್ ಪಂಪು, ಗೇರ್ ಪೆಟ್ಟಿಗೆ, ಸ್ಟೀರಿಂಗ್ ಮತ್ತು ಬ್ರೇಕಿನ ಒಳಭಾಗಗಳನ್ನು ಮನೆಯಲ್ಲಿ ಬಿಚ್ಚಬಾರದು. ಮೊದಲ ನಾಲ್ಕರಲ್ಲಿ ಖರ್ಚು ಇಮ್ಮಡಿಯಾಗುತ್ತದೆ, ಉಳಿದೆರಡರಲ್ಲಿ ಪ್ರಾಣಕ್ಕೇ ಅಪಾಯ. 2020ರ ಏಪ್ರಿಲ್ ನಂತರದ ಬಿ.ಎಸ್. 6 ದ್ವಿಚಕ್ರ ವಾಹನಗಳಲ್ಲಿಯೂ, 2023ರಿಂದ ಬಂದಿರುವ 50 ಎಚ್.ಪಿ.ಗೂ ಮೀರಿದ ಟ್ರ್ಯಾಕ್ಟರುಗಳಲ್ಲಿಯೂ ಇಂಧನದ ವ್ಯವಸ್ಥೆಗೆ ಎಲೆಕ್ಟ್ರಾನಿಕ್ ನಿಯಂತ್ರಣ ಬಂದಿದೆ. ಇವುಗಳ ಸೆನ್ಸರ್, ವೈರುಗಳಿಗೆ ಕೈ ಹಾಕಬಾರದು. ವಾರಂಟಿ ಇರುವವರೆಗೆ ಸೀಲು ಹಾಕಿದ ಯಾವ ಭಾಗವನ್ನೂ ಬಿಚ್ಚುವಂತಿಲ್ಲ.

ಎಂಜಿನ್ ಓಡುತ್ತಿರುವಾಗ ಬೆಲ್ಟು, ಪಿ.ಟಿ.ಓ. ಬಳಿ ಪಂಚೆ, ಟವೆಲ್ಲು, ಸೆರಗು ಹೋಗದಂತೆ ನೋಡಿಕೊಳ್ಳಬೇಕು. ಹೈಡ್ರಾಲಿಕ್ಕಿನಲ್ಲಿ ಎತ್ತಿ ನಿಲ್ಲಿಸಿದ ರೋಟವೇಟರಿನ ಕೆಳಗೆ ಕೈ ಹಾಕಬಾರದು. ಮೊದಲು ನೆಲಕ್ಕಿಳಿಸಬೇಕು ಅಥವಾ ಗಟ್ಟಿ ಮರದ ದಿಮ್ಮಿ ಕೊಡಬೇಕು. ಜಾಕನ್ನು ಮಾತ್ರ ನಂಬಿ ಟ್ರ್ಯಾಕ್ಟರಿನ ಕೆಳಗೆ ಮಲಗಬಾರದು. ದುರಸ್ತಿಯಲ್ಲಿ ಉಳಿಸಿದ ಐನೂರು ರೂಪಾಯಿ ಒಂದು ಬೆರಳಿಗೂ ಸಮವಲ್ಲ.

ಮನೆಯಲ್ಲಿರಬೇಕಾದ ಪೆಟ್ಟಿಗೆ

ಸ್ಪ್ಯಾನರ್ (ಪಾನಾ) ಸೆಟ್ಟು, ರಿಂಗ್ ಪಾನಾ, ಸ್ಕ್ರೂ ಡ್ರೈವರ್, ಕಟಿಂಗ್ ಪ್ಲೇಯರ್, ಸುತ್ತಿಗೆ, ಗ್ರೀಸ್ ಗನ್, ಗಾಳಿ ಗೇಜು, ಜಾಕು. ಬಿಡಿಭಾಗಗಳ ಪೈಕಿ ಒಂದು ಫ್ಯಾನ್ ಬೆಲ್ಟು, ಒಂದು ಜೊತೆ ಡೀಸೆಲ್ ಫಿಲ್ಟರು, ಫ್ಯೂಸು, ಹೋಸ್ ಕ್ಲಿಪ್ಪು, ಸ್ಪ್ಲಿಟ್ ಪಿನ್ನು, ರೋಟವೇಟರಿನ ಬ್ಲೇಡು ಮತ್ತು ಬೋಲ್ಟುಗಳು. ಇವನ್ನು ಬೇಸಿಗೆಯಲ್ಲೇ ತಂದಿಟ್ಟುಕೊಂಡರೆ ಬಿತ್ತನೆಯ ದಿನ ಚಿತ್ರದುರ್ಗಕ್ಕೋ ಹೊಳಲ್ಕೆರೆಗೋ ಓಡುವುದು ತಪ್ಪುತ್ತದೆ. ಒಂದೇ ಮಾದರಿಯ ಯಂತ್ರವಿರುವ ನಾಲ್ಕಾರು ಮನೆಯವರು ಸೇರಿ ಜಾಕು, ಗ್ರೀಸ್ ಗನ್‌ನಂತಹವನ್ನು ಹಂಚಿಕೊಂಡರೂ ಆಗುತ್ತದೆ.

ಪೆಟ್ಟಿಗೆಯೊಡನೆ ಒಂದು ನೋಟ್ ಪುಸ್ತಕವೂ ಇರಲಿ. ದಿನಾಂಕ, ಮೀಟರಿನ ಗಂಟೆ, ಮಾಡಿದ ಕೆಲಸ, ಹಾಕಿದ ಭಾಗ, ಖರ್ಚು, ನಿಧಿಗೆ ಕಟ್ಟಿದ ಹಣ ಇಷ್ಟನ್ನು ಬರೆಯಬೇಕು. ಮನೆಯ ಹೆಣ್ಣುಮಕ್ಕಳು ಅಥವಾ ಶಾಲೆಗೆ ಹೋಗುವ ಮಕ್ಕಳು ಈ ಲೆಕ್ಕವನ್ನು ಅಚ್ಚುಕಟ್ಟಾಗಿ ಇಡಬಲ್ಲರು. ಗ್ಯಾರೇಜಿಗೆ ಒಯ್ದಾಗ ಈ ಪುಸ್ತಕ ತೋರಿಸಿದರೆ ಮೆಕ್ಯಾನಿಕ್ಕಿಗೂ ದೋಷ ಹುಡುಕುವುದು ಸುಲಭ. ಅಂದಾಜು ಖರ್ಚನ್ನು ಮೊದಲೇ ಬರೆಸಿಕೊಂಡು, ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಬೇಕು.

ತರಬೇತಿ

ದುರಸ್ತಿ ಕೆಲಸ ಕಲಿಯಬಯಸುವ ಯುವಕರಿಗೆ ಅವಕಾಶಗಳಿವೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಶಾಖೆ ಚಿತ್ರದುರ್ಗದಲ್ಲಿದೆ. ಈ ಸಂಸ್ಥೆಗಳಲ್ಲಿ ಗ್ರಾಮೀಣ ಯುವಕರಿಗೆ ಸ್ವ ಉದ್ಯೋಗದ ತರಬೇತಿಗಳು ಊಟ ವಸತಿಯೊಡನೆ ಉಚಿತವಾಗಿ ನಡೆಯುತ್ತವೆ. ನೆರೆಯ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ವಿಚಾರಿಸಬಹುದು. ಊರಿಗೆ ಒಬ್ಬಿಬ್ಬರು ಕಲಿತು ಬಂದರೂ ಉಳಿದವರಿಗೆ ಆಸರೆಯಾಗುತ್ತದೆ. ವಿಸ್ತರಣಾ ಕಾರ್ಯಕರ್ತರು ಬೇಸಿಗೆಯಲ್ಲಿ ಹಳ್ಳಿಯಲ್ಲೇ ಒಂದು ದಿನದ ಪ್ರಾತ್ಯಕ್ಷಿಕೆ ಏರ್ಪಡಿಸಿ, ಏರ್ ತೆಗೆಯುವುದು, ಏರ್ ಕ್ಲೀನರ್ ತೊಳೆಯುವುದು ಇವೆರಡನ್ನಾದರೂ ರೈತರ ಕೈಯಿಂದಲೇ ಮಾಡಿಸಬೇಕು.

ವರ್ಷದ ವೇಳಾಪಟ್ಟಿ

ಮಾರ್ಚ್-ಏಪ್ರಿಲ್: ಯಂತ್ರದ ಪೂರ್ಣ ತಪಾಸಣೆ, ದೊಡ್ಡ ದುರಸ್ತಿ.
ಮೇ: ಫಿಲ್ಟರು, ಬೆಲ್ಟು, ಬ್ಲೇಡುಗಳ ಸಂಗ್ರಹ, ತುರ್ತು ನಿಧಿ ತುಂಬಿದೆಯೇ ನೋಡುವುದು.
ಜೂನ್-ಆಗಸ್ಟ್: ದಿನವೂ ಏರ್ ಕ್ಲೀನರ್, ಆಯಿಲ್, ನೀರಿನ ಪರೀಕ್ಷೆ.
ಅಡಿಕೆ ಕೊಯ್ಲಿಗೆ ಮುಂಚೆ: ಟ್ರೈಲರಿನ ಟಯರು, ಕೊಂಡಿ, ಬ್ರೇಕು, ದೀಪಗಳ ಪರೀಕ್ಷೆ.
ಮಾಲು ಮಾರಿದ ದಿನ: ನಿಧಿಗೆ ವರ್ಷದ ಪಾಲು.

ಕೆರೆಯನ್ನು ನಂಬಿ ಬದುಕುವ ಊರಿನವರು ಮಳೆಗಾಲಕ್ಕೆ ಮುಂಚೆಯೇ ಏರಿ, ತೂಬು, ಕೋಡಿಗಳನ್ನು ನೋಡಿಕೊಳ್ಳುತ್ತಾರೆ. ನೀರು ತುಂಬಿದ ಮೇಲೆ ಏರಿ ಕಟ್ಟಲು ಹೋಗುವುದಿಲ್ಲ. ಯಂತ್ರದ ವಿಷಯದಲ್ಲಿಯೂ ಇದೇ ವಿವೇಕ ಬೇಕು. ರೈತರು ಈ ಹಂಗಾಮಿನಿಂದಲೇ ಗಂಟೆಯ ಲೆಕ್ಕದಲ್ಲಿ ನಿಧಿಗೆ ಹಣ ಹಾಕುತ್ತಾ, ಒಂದೊಂದೇ ಕೆಲಸ ಕಲಿಯುತ್ತಾ ಹೋದರೆ, ಮುಂದೆ ಯಂತ್ರ ಕೆಟ್ಟಾಗ ಸಾಲಗಾರನ ಮನೆಗೆ ಅಲೆಯುವ ಪ್ರಮೇಯ ಬಾರದು. ಬಿತ್ತನೆಯ ಹದವೂ ಕೈ ತಪ್ಪದು.